ಕಾಮಗೆರೆಯ ಕಿವಿ

ನನ್ನ ಹಳೆಯ ಡೀಸೆಲ್ ಲಾರಿಯಲ್ಲಿ ಕಂಪ್ಯೂಟರ್ ಇಲ್ಲ. ಅದರ ರೋಗ ತಿಳಿಯುತ್ತಿದ್ದುದು ಕಾಮಗೆರೆಯ ವಯಸ್ಸಾದ ಮೆಕ್ಯಾನಿಕ್ ಒಬ್ಬರ ಕಿವಿಗೆ ಮಾತ್ರ. ಓಡುವ ಎಂಜಿನ್ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಊರಿ, ಹಿಡಿಗೆ ಕಿವಿಯೊತ್ತಿ, ಕೆಟ್ಟಿರುವುದು ಯಾವುದೆಂದು ಹೇಳಿಬಿಡುತ್ತಿದ್ದರು. ಆ ಕಿವಿಯನ್ನು ನಂಬಿಯೇ ನಾನು ಹೊಸ ಲಾರಿ ಬೇಡವೆಂದಿದ್ದು. ಲಾರಿಯ ಒಂದೊಂದು ನಟ್ಟಿಗೂ ನಿದ್ದೆಗೆಟ್ಟವನು ಆ ಕಿವಿಯ ಬಗ್ಗೆ ಮಾತ್ರ ಚಿಂತಿಸಿರಲಿಲ್ಲ.

ಮೊನ್ನೆ ಹನೂರಿನಿಂದ ಬರುವಾಗ ಎಂಜಿನ್ ಟಕಟಕನೆ ಬಡಿಯತೊಡಗಿತು. ನೇರವಾಗಿ ಅವರ ಶೆಡ್ಡಿಗೆ ತಂದೆ. ಅವರು ಬಹಳ ಹೊತ್ತು ಕಿವಿಯಿಟ್ಟು, ಕೊನೆಗೆ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟರು.

"ನಂಗೇನೂ ಕೇಳ್ತಿಲ್ಲ ಸಾ. ಎಲ್ಲಿ ಬಡೀತದೆ, ನೀವೇ ಯೋಳಿ."

ಕಿವಿಯೊತ್ತಿದೆ. "ಎಲ್ಲಾ ಕಡೆನೂ ಬಡೀತದೆ."

"ನಿಮ್ಗೆ ಎಂಜಿನ್ ನಿಂತಿದ್ರೂವೆ ಅಂಗೇ ಕೇಳ್ತದೆ ಬುಡಿ!"

ನಗುತ್ತಲೇ ಎಂಜಿನ್ ಆಫ್ ಮಾಡಿದರು. ಲಾರಿ ಇನ್ನೂ ಅವರ ಶೆಡ್ಡಿನ ಮುಂದೆಯೇ ನಿಂತಿದೆ.