ಬದ್ರಿಯಾ ಖಾಲಾರ ಫೋನು
ಕುವೈತಿನ ನಮ್ಮ ಕ್ಲಿನಿಕ್ಕಿನಲ್ಲಿ ತೂಕ ಇಳಿಸುವ ಆಪರೇಷನ್ನಿಗೆ ಡಾಕ್ಟರರ ಮೊದಲ ಭೇಟಿ ಗೊತ್ತುಮಾಡುವುದು ಎಲ್ಲರಿಗೂ ಚಿಕ್ಕಮ್ಮನಂತಿರುವ ಬದ್ರಿಯಾ ಖಾಲಾರ ಕೆಲಸ. ಫೋನ್ ಮಾಡುವ ಹೆಂಗಸರು ಯಾರೂ ತಮಗಾಗಿ ಕೇಳುವುದಿಲ್ಲ. ಎಲ್ಲರಿಗೂ ಒಬ್ಬ ದಪ್ಪ ನಾದಿನಿ ಇರುತ್ತಾಳೆ. ಖಾಲಾರನ್ನು ಕೇಳಿದರೆ ಕುವೈತಿನ ಅರ್ಧ ಜನ ನಾದಿನಿಯರೇ. “ಈದ್ ಮುಗೀಲಿ ಖಾಲಾ” ಎಂದು ಫೋನ್ ಮಾಡಿದವಳು ಅಂದರೆ, “ಈದ್ ಆದ್ಮೇಲೆ ಮದುವೆಗಳು, ಮದುವೆ ಆದ್ಮೇಲೆ ಬಾಣಂತಿ ನೋಡೋ ಊಟ! ಮಚ್ಬೂಸ್ ಮಾಂಸದನ್ನದ ತಟ್ಟೆಗೆ ರಜೆ ಯಾವತ್ತಮ್ಮ? ಭಾನುವಾರವೇ ಬರಲಿ” ಎಂದು ಗದರುತ್ತಾರೆ. ಮೊದಲ ದಿನ ಯಾರೂ ಕತ್ತರಿ ಹಿಡಿಯುವುದಿಲ್ಲ, ಡಾಕ್ಟರು ಬರೀ ಮಾತಾಡುತ್ತಾರೆ ಎಂದು ದಿನಕ್ಕೆ ನಲವತ್ತು ಸಲ ಹೇಳಿದರೂ ಖಾಲಾರ ದನಿ ಬತ್ತುವುದಿಲ್ಲ. ನಿನ್ನೆ ಒಬ್ಬಳು ನಾದಿನಿಯ ಮೊಣಕಾಲು ನೋವು, ಏದುಸಿರು ಎಲ್ಲ ಹೇಳಿ, ದಿನ ಮಾತ್ರ ಗೊತ್ತುಮಾಡದೆ ಫೋನ್ ಇಡಹೊರಟಳು. ಇವಳು ಇನ್ನು ಕರೆ ಮಾಡುವವಳಲ್ಲ ಎಂದು ಪಕ್ಕದಲ್ಲಿದ್ದ ನನಗೂ ಅನಿಸಿತು. ಖಾಲಾ ದನಿ ತಗ್ಗಿಸಿ, “ಇಲ್ಲಿ ಕುರ್ಚಿಗಳಿಗೆ ಕೈ ಇಲ್ಲ ಮಗಳೇ, ಅಗಲವಾಗಿದಾವೆ, ಸಿಕ್ಕಿಕೊಳ್ಳೋ ಭಯ ಇಲ್ಲ. ನೂರಮೂವತ್ತು ಕಿಲೋ ಇದ್ದಾಗ ನಾನೇ ಕೂತು ನೋಡಿ ಆರಿಸಿದ್ದು” ಎಂದರು. ಆ ಕಡೆಯಿಂದ ಮೆಲ್ಲಗೆ ಕೇಳಿಸಿತು: “ನಾನು ಎಷ್ಟು ಗಂಟೆಗೆ ಬರಲಿ, ಖಾಲಾ?”