ತಾಯಿಯ ಬಾಯಿಗೆ ಒಗ್ಗದ ಮಾತು

ಮುಂಡರಗಿ ಬಸ್ಸು ತಪ್ಪಿತು. ಹಿರೇವಡ್ಡಟ್ಟಿಯ ಸಮುದಾಯ ಭವನದಿಂದ ಹಾರ್ಮೋನಿಯಂ ಪೇಟಿಯ ದನಿ ಕೇಳಿ ಒಳಗೆ ಹೋದರೆ, ಊರವರ ನಾಟಕದ ತಾಲೀಮು ನಡೆದಿತ್ತು. ನಾನೂ ಒಂದು ಮೂಲೆಯಲ್ಲಿ ಕೂತೆ.

ತಾಯಿಯ ಪಾತ್ರಕ್ಕೆ ಗದಗಿನಿಂದ ಬಂದಿದ್ದ ಕಲಾವಿದೆ ರತ್ನಕ್ಕ ಒಂದು ಮಾತಿನ ಹತ್ತಿರ ನಿಂತುಬಿಟ್ಟಿದ್ದರು. ರಂಗದ ಪರದೆಗಳನ್ನು ತಮ್ಮ ಖರ್ಚಿನಲ್ಲಿ ಬಾಡಿಗೆಗೆ ತರಿಸಿಕೊಡುವ, ಊರವರು ಸಾಹೇಬರೆಂದು ಕರೆಯುವ ಮುಖಂಡರೊಬ್ಬರು ಅದನ್ನು ಸೇರಿಸಲು ಹೇಳಿದ್ದರಂತೆ: ‘ಸಾಹೇಬರು ನಮಗೆ ನಳದ ನೀರು ದಾನ ಮಾಡಿದರು.’ ಆ ಮಾತಿಲ್ಲದಿದ್ದರೆ ಪರದೆಯೂ ಇಲ್ಲ. ಅವರ ಕಡೆಯ ಈರಣ್ಣ ಅದನ್ನು ಕೇಳಲೆಂದೇ ಬಂದು ಕೂತಿದ್ದ.

“ಅಂದುಬಿಡವಾ ತಂಗಿ, ಒಂದ ಮಾತು,” ಎಂದರು ಪೇಟಿ ಮಾಸ್ತರರು.

“ದಾನ ಇಸ್ಕೊಂಡಾಕಿ ತಲಿ ತಗ್ಗಿಸಬೇಕ್ರಿ. ಮುಂದಿನ ಸೀನಿನ್ಯಾಗ ಈ ತಾಯಿ ಊರಗೌಡನ್ನ ತಲಿ ಎತ್ತಿ ಬೈಬೇಕು. ಹೆಂಗ ಬೈಲಿ? ಈ ಮಾತು ಗೌಡನ ಚಮಚಾಗ ಕೊಡ್ರಿ.”

ಚಮಚಾನ ಪಾತ್ರದ ಫಕೀರಪ್ಪ ಎದ್ದ. ಸೊಂಟ ಬಗ್ಗಿಸಿ, ಕೈ ಹೊಸೆಯುತ್ತ, “ಸಾಹೇಬ್ರು ನಮಗ ನಳದ ನೀರು ದಾನ ಮಾಡ್ಯಾರ!” ಎಂದ. ಭವನವೆಲ್ಲ ನಕ್ಕಿತು. ಎಲ್ಲರಿಗಿಂತ ಮೊದಲು ನಕ್ಕವನು ಈರಣ್ಣ. ತಾನು ಯಾರ ಕಡೆಯವನೆಂಬುದು ಆಮೇಲೆ ನೆನಪಾಗಿ ಬಾಯಿ ಒರೆಸಿಕೊಂಡ. ಮಾಸ್ತರರ ಬೆರಳುಗಳು ಪೇಟಿಯ ಮೇಲೆಯೇ ನಿಂತವು.

ಈರಣ್ಣ ಫೋನು ತೆಗೆದ. “ಸಾಹೇಬ್ರ, ನಿಮ್ಮ ಮಾತು ಸೇರಿಸ್ಯಾರ್ರಿ. ಖರೇನ ಭಾಳ ಚಂದ ಕುಂತೈತಿ. ಪರದೆ ಕಳಸ್ರಿ.”

ರತ್ನಕ್ಕ ತಮ್ಮ ಚಹಾದಲ್ಲಿ ಅರ್ಧ ಅವನ ಕಪ್ಪಿಗೆ ಸುರಿದರು. “ಆ ಮಾತು ಯಾರ ಬಾಯಾಗ ಐತಿ ಅಂತ ಹೇಳಲಿಲ್ಲಲ್ಲೋ ತಮ್ಮಾ?”

“ಅವರು ಕೇಳಲಿಲ್ಲಬೇ ಯಕ್ಕಾ.”