ರೇಡಿಯೋ ಮೆಟ್ಟಿಲು

ಚನ್ನಪಟ್ಟಣದ ಪೇಟೆಬೀದಿಯ ಆ ಹಳೇ ಕಟ್ಟಡದ ಮಹಡಿಯಲ್ಲಿ ಅಪ್ಪ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅಲ್ಲಿ ಟೈಪಿಂಗ್ ಕ್ಲಾಸು ಬಂತು, ಆಮೇಲೆ ಬಣ್ಣದ ಬೊಂಬೆಗಳ ಗೋಡೌನು, ಈಗ ಹೊಲಿಗೆ ಅಂಗಡಿ. ಮರದ ಕಂಬಗಳು, ಕಮಾನಿನ ಕಿಟಕಿ ಹಾಗೇ ಇವೆ. ಕಿಟಕಿಗೆ ಆಗ ಹಸಿರು ಗಾಜಿತ್ತೋ, ಅದು ನಾನೇ ಆಮೇಲೆ ನೆನಪಿಗೆ ಹಚ್ಚಿಕೊಂಡ ಬಣ್ಣವೋ, ಖಾತ್ರಿಯಿಲ್ಲ. ಆದರೆ ಊರವರು ಅಲ್ಲಿನ ಮರದ ಮೆಟ್ಟಿಲನ್ನು ಇಂದಿಗೂ ‘ರೇಡಿಯೋ ಮೆಟ್ಲು’ ಅನ್ನುತ್ತಾರೆ. ಅಪ್ಪನ ಗುರುತು ಊರಿನಲ್ಲಿ ಉಳಿದಿರುವುದು ಆ ಹೆಸರಿನಲ್ಲಿ ಮಾತ್ರ ಎಂದುಕೊಂಡಿದ್ದೆ.

ಮೊನ್ನೆ ಅಮ್ಮನ ರವಿಕೆ ಹೊಲಿಯಲು ಕೊಡುವುದಕ್ಕೆ ಇಬ್ಬರೂ ಹೋದಾಗ, ಟೈಲರ್ ಹೆಂಗಸು ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದರು: “ರೇಡಿಯೋ ಮೆಟ್ಲು ಹತ್ಕಂಡ್ ಬನ್ನಿ.”

ಆ ಹೆಸರು ಯಾಕೆ ಬಂತು ಗೊತ್ತಾ ಎಂದು ಕೇಳಿದೆ.

“ಗೊತ್ತಿಲ್ದೆ ಏನಕ್ಕ? ಕಾಲಿಟ್ರೆ ಸ್ಟೇಷನ್ ಸಿಗದ ರೇಡಿಯೋ ಥರ ಕರಕರ ಅಂತಾವಲ್ಲ!”

ಅದು ನಮ್ಮಪ್ಪನ ಅಂಗಡಿಯಿಂದ ಬಂದ ಹೆಸರು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು.

“ನಿಮ್ಮಪ್ಪಾನೂ ಇದೇ ಹೇಳ್ತಿದ್ರು ಕಣೇ. ‘ನನ್ ಕೈಲಿ ರಿಪೇರಿ ಆಗ್ದಿರೋ ರೇಡಿಯೋ ಇದೊಂದೇ’ ಅಂತ.”

ಹಾಗಾದರೆ ಹೆಸರು ಅಂಗಡಿಯದೋ, ಅಪ್ಪನ ತಮಾಷೆಯದೋ? ಅಮ್ಮನಿಗೂ ನೆನಪಿಲ್ಲವಂತೆ. ತಮಾಷೆಯದೇ ಆಗಿದ್ದರೆ, ನಮಗೆ ತಿಳಿಯದೇ ಅದು ಬಾಡಿಗೆದಾರರಿಂದ ಬಾಡಿಗೆದಾರರಿಗೆ ದಾಟಿಕೊಂಡು ಬಂದಿದೆ. ನಾನು ಏನನ್ನೂ ತಿದ್ದಲಿಲ್ಲ. ಇಳಿಯುವಾಗ ಅಮ್ಮನ ಕೈ ಹಿಡಿದು, ಪ್ರತಿ ಮೆಟ್ಟಿಲ ಮೇಲೂ ಸ್ವಲ್ಪ ಭಾರ ಹಾಕಿಯೇ ಕಾಲಿಟ್ಟೆ.